ಬೆಳ್ಳಿಕಂಬೆಯ ಪಾದಚಾರಿ ಸದಸ್ಯ

ನಂಜುಂಡನಿಗೆ ಗಾಡಿ ಎಂಬುದು ಹುಟ್ಟಿನಿಂದಲೂ ಒಗ್ಗಲಿಲ್ಲ. ಬಸ್ಸಾಗಲಿ, ಜೀಪಾಗಲಿ, ಚಹಾ ಎಲೆ ಸಾಗಿಸುವ ಟ್ರ್ಯಾಕ್ಟರಾಗಲಿ, ಹತ್ತಿ ಕೂತರೆ ಎರಡನೆಯ ತಿರುವಿಗೆ ಹೊಟ್ಟೆ ತೊಳಸಿ ಬಾಯಿಗೆ ಬರುತ್ತಿತ್ತು. ನೀಲಗಿರಿಯಲ್ಲಿ ಎರಡನೆಯ ತಿರುವೆಂದರೆ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಹಾಗಾಗಿ ಅವನು ಅರವತ್ತೇಳು ವರ್ಷ ನಡೆದೇ ಬದುಕಿದ. ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ಎಲೆ ತೂಗುವ ಕೆಲಸ ಮಾಡಿದ್ದು ನಡೆದು ಹೋಗಿ. ಹೆಂಡತಿ ಕೆಂಪಿಯನ್ನು ಹೆರಿಗೆಗೆ ಊಟಿಯ ಆಸ್ಪತ್ರೆಗೆ ಸೇರಿಸಿದಾಗ ಹನ್ನೊಂದು ಕಿಲೋಮೀಟರು ನಡೆದ. ಅವನು ತಲುಪುವಷ್ಟರಲ್ಲಿ ಮಗಳು ಹುಟ್ಟಿ, ಹಾಲು ಕುಡಿದು, ನಿದ್ದೆ ಹೋಗಿದ್ದಳು.

ಆ ಮಗಳು ಜನನಿ ಈಗ ಪಂದಲೂರಿನಲ್ಲಿ ಟೀಚರು. ಅವಳ ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನಕ್ಕೆಂದು ನಂಜುಂಡನ್ ನಾಲ್ಕು ದಿನ ಮುಂಚೆಯೇ ಹೊರಟ, ದಾರಿಯಲ್ಲಿ ನೆಂಟರ ಮನೆಗಳಲ್ಲಿ ತಂಗುತ್ತ. ಕೆಂಪಿ ಹಿಂದಿನ ದಿನ ಬಸ್ಸು ಹತ್ತಿ ಗೂಡಲೂರಿನ ಇಳಿಜಾರಿನ ಕೆಳಗೆ ಅವನನ್ನು ದಾಟಿದಳು. ವಾಪಸು ಬರುವಾಗಲೂ ಹಾಗೆಯೇ ಆಯಿತು. ಎರಡು ಸಲವೂ ಅವಳು ಕಿಟಕಿಯಿಂದ ಕೈ ಬೀಸಿದಳು, ಎರಡು ಸಲವೂ ಅವನು ಕೊಡೆ ಎತ್ತಿದ. ಮದುವೆಯಾಗಿ ನಲವತ್ತೊಂದು ವರ್ಷವಾಗಿದ್ದರೂ ಗಂಡ ಹೆಂಡತಿ ಯಾವ ಕಡೆಗೂ ಒಟ್ಟಿಗೆ ಹೋಗಿ ತಲುಪಿದವರಲ್ಲ. ಹಟ್ಟಿಯವರಿಗೆ ಇದು ವಿಶೇಷವೆನಿಸುತ್ತಲೂ ಇರಲಿಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಇವನಿಗೆ ಗಾಡಿ ಆಗುವುದಿಲ್ಲ, ಅಷ್ಟೇ.

ಬೆಳ್ಳಿಕಂಬೆಯಲ್ಲಿ ಹಟ್ಟಿ ಮೇಲೆ, ಬಜಾರು ಕೆಳಗೆ. ನಡುವೆ ಒಂದೂಕಾಲು ಕಿಲೋಮೀಟರು ಟಾರು ರಸ್ತೆ. ಒಂದು ಬದಿಗೆ ಕಲ್ಲಿನ ತಡೆಗೋಡೆ, ಇನ್ನೊಂದು ಬದಿಗೆ ಕ್ಯಾರೆಟ್ ಹೊಲಗಳವರೆಗೆ ನೇರ ಇಳಿಜಾರು. ನಡೆಯುವವರಿಗೆಂದು ಒಂದು ಗೇಣು ಜಾಗವಿಲ್ಲ. ದಿನಕ್ಕೆ ಎಂಟು ಬಸ್ಸು ಓಡಾಡುತ್ತಿದ್ದ ಕಾಲದಲ್ಲಿ ಅದರ ಅಗತ್ಯವೂ ಇರಲಿಲ್ಲ. ಈಗ ಊಟಿಯ ಜನಜಂಗುಳಿ ತಪ್ಪಿಸಿಕೊಳ್ಳಲು ಪ್ರವಾಸಿಗರು ಫೋನಿನಲ್ಲಿ ಹುಡುಕಿಕೊಂಡು ಈ ಒಳದಾರಿಗೇ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಚಿನ್ನಮ್ಮಾಳ್ ಎಂಬ ಗಟ್ಟಿ ಹೆಂಗಸು ಕೋಸಿನ ಮೂಟೆ ಹೊತ್ತು ಇಳಿಯುತ್ತಿದ್ದಾಗ ಒಂದು ವ್ಯಾನಿನ ಕನ್ನಡಿ ತಗುಲಿ ಮಣಿಕಟ್ಟು ಮುರಿಯಿತು. ವ್ಯಾನು ನಿಲ್ಲಲಿಲ್ಲ. ಆದರೆ ಮೂಟೆಯಿಂದ ಕೋಸು ಉರುಳಿ ರಸ್ತೆಯ ತುಂಬ ಹರಡಿತಲ್ಲ, ಅದಕ್ಕೆ ಹಿಂದಿನ ಮೂರು ಕಾರು ನಿಂತವು.

ಈ ಗಲಾಟೆಯ ನಂತರ ಪಟ್ಟಣ ಪಂಚಾಯಿತಿ ಒಂದು ಬೈಲಾ ಮಾಡಿತು. ಹೆಸರು ರಸ್ತೆ ಮತ್ತು ಪಾದಚಾರಿ ಸುರಕ್ಷತಾ ಬೈಲಾ. ಅದನ್ನು ಬರೆದವಳು ಸುಗನ್ಯಾ, ಕಚೇರಿಯ ಕಿರಿಯ ಸಹಾಯಕಿ. ಯಾವುದೋ ಬಯಲುಸೀಮೆಯ ದೊಡ್ಡ ನಗರದ ಬೈಲಾವನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದ ಮೆಟ್ರೊ, ಮೇಲ್ಸೇತುವೆಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಬೆಳ್ಳಿಕಂಬೆಗೆ ಹೊಂದಿಸಿದಳು. ಅಧ್ಯಕ್ಷ ಸುರೇಂದ್ರನ್ ಓದದೆ ಸಹಿ ಹಾಕಿದ. ಅವನಿಗೆ ಪ್ರವಾಸಿಗರನ್ನು ಸುತ್ತಾಡಿಸುವ ಎರಡು ಟೆಂಪೊ ಇದ್ದವು, ಮೇ ತಿಂಗಳು ಬೇರೆ.

ಸಹಿಯಾದ ಮೇಲೆ ಏಳನೆಯ ಕಲಂ ಬೆಳಕಿಗೆ ಬಂತು. ಬೈಲಾ ಜಾರಿಗೆ ಒಂಬತ್ತು ಜನರ ಸಮಿತಿ ಇರಬೇಕು, ಅದರಲ್ಲಿ ಒಬ್ಬರು ಪಾದಚಾರಿ ಸದಸ್ಯರಾಗಿರಬೇಕು. ಪಾದಚಾರಿ ಸದಸ್ಯರ ಹೆಸರಿನಲ್ಲಿ ಯಾವುದೇ ಮೋಟಾರು ವಾಹನ ಇರಕೂಡದು, ಲೈಸೆನ್ಸ್ ಇರಕೂಡದು, ಸಭೆಗೆ ಅವರು ಕಾಲ್ನಡಿಗೆಯಲ್ಲೇ ಬರತಕ್ಕದ್ದು. ಅವರಿಲ್ಲದೆ ಸಭೆಗೆ ಕೋರಂ ಇಲ್ಲ. ಮೂರು ಸಭೆ ನಡೆಯದಿದ್ದರೆ ಜಿಲ್ಲಾ ಕಚೇರಿಗೆ ಕಾರಣ ಕೊಟ್ಟು ಪತ್ರ ಬರೆಯಬೇಕು.

“ಕಾಲ್ನಡಿಗೆಯಲ್ಲೇ ಅನ್ನೋದು ಆ ನಗರದ ಬೈಲಾದಲ್ಲಿತ್ತಾ?” ಎಂದು ಸುರೇಂದ್ರನ್ ಕೇಳಿದ.

“ಫೈಲು ನೋಡಬೇಕು ಸಾರ್,” ಎಂದಳು ಸುಗನ್ಯಾ. ಅವಳೂ ದಿನಾ ಬಸ್‌ಸ್ಟ್ಯಾಂಡಿನಿಂದ ಗೋಡೆಗೆ ಮೈ ಒತ್ತಿಕೊಂಡು ನಡೆದು ಬರುವವಳು. ಫೈಲನ್ನು ಆಮೇಲೆ ಯಾರೂ ನೋಡಲಿಲ್ಲ.

ಬೆಳ್ಳಿಕಂಬೆಯಲ್ಲಿ ಪಾದಚಾರಿಯನ್ನು ಹುಡುಕುವುದು ಇಷ್ಟು ಕಷ್ಟವೆಂದು ಯಾರೂ ಎಣಿಸಿರಲಿಲ್ಲ. ಮೊದಲು ಕೇಳಿದ್ದು ಚಿನ್ನಮ್ಮಾಳನ್ನೇ. ಅವಳು ಕಟ್ಟು ಹಾಕಿದ ಕೈಯಲ್ಲೇ ಬಂದು ಸಹಿ ಹಾಕಲು ಕೂತಳು. ಆಗ ತಿಳಿಯಿತು, ಅಳಿಯ ಓಡಿಸುವ ಆಟೊ ಅವಳ ಹೆಸರಿನಲ್ಲಿದೆ ಎಂದು. ಮಿಕ್ಕವರಲ್ಲಿ ಒಬ್ಬನಿಗೆ ಮಾರಲಾಗದ ಮೊಪೆಡ್ಡು, ಇನ್ನೊಬ್ಬನಿಗೆ ಎಂದೋ ಮಾಡಿಸಿದ ಲೈಸೆನ್ಸು. ಎರಡೂ ಇಲ್ಲದವರು ಆ ರಸ್ತೆಯಲ್ಲಿ ನಡೆದು ಬರಲು ಒಪ್ಪಲಿಲ್ಲ. ಹತ್ತು ದಿನ ಹುಡುಕಿದ ಮೇಲೆ ಇಡೀ ಪಂಚಾಯಿತಿಯಲ್ಲಿ ಕಾನೂನಿನ ಪ್ರಕಾರ ಪಾದಚಾರಿ ಎನಿಸಿಕೊಳ್ಳಬಲ್ಲವನು ನಂಜುಂಡನ್ ಒಬ್ಬನೇ ಎಂದು ಖಚಿತವಾಯಿತು.

ನೇಮಕದ ಪತ್ರವನ್ನು ಅವನು ಎರಡು ಸಲ ಓದಿ ಕೆಂಪಿಯ ಕೈಗೆ ಕೊಟ್ಟ.

“ನಾ ಏನ ಮಾಡೋಕು ಎಂದು ಇದರಗ ಇಲ್ಲೆ,” ಎಂದ.

“ನಡೆಯೋಕು ಎಂದು ಇದೆ,” ಎಂದಳು ಕೆಂಪಿ. “ಅದು ನಿನಗ ಗೊತ್ತಲ್ಲ.”

ಮೊದಲ ಸಭೆ ಬೆಳಿಗ್ಗೆ ಹತ್ತೂವರೆಗೆ. ಕೆಂಪಿ ಬಿಳಿಯ ರುಮಾಲು ತೊಳೆದು ಗಂಜಿ ಹಾಕಿ ಕೊಟ್ಟಿದ್ದಳು. ನಂಜುಂಡನ್ ಒಂಬತ್ತಕ್ಕೇ ಹೊರಟ. ಶಾಲೆಯ ತಿರುವಿನಲ್ಲಿ ಒಂದು ಪ್ರವಾಸಿ ಬಸ್ಸು ಎದುರಿನ ಲಾರಿಗೆ ದಾರಿ ಬಿಡಲು ಹಿಂದಕ್ಕೆ ಸರಿದು ಅವನನ್ನು ತಡೆಗೋಡೆಗೆ ಒತ್ತಿ ನಿಂತುಬಿಟ್ಟಿತು. ಎರಡು ಗಂಟೆಗೂ ಹೆಚ್ಚು ಹೊತ್ತು ಅವನು ಬಸ್ಸಿಗೂ ಗೋಡೆಗೂ ನಡುವೆ, ರುಮಾಲನ್ನು ಕೈಯಲ್ಲಿ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಕಿಟಕಿಯಲ್ಲಿದ್ದ ಒಂದು ಮಗು ಅವನಿಗೆ ಬಿಸ್ಕತ್ತು ಕೊಟ್ಟಿತು. ಅಲ್ಲಿಂದ ಬಿಡುಗಡೆಯಾಗಿ ಕಚೇರಿ ಸೇರುವಾಗ ಹನ್ನೊಂದೂ ಮುಕ್ಕಾಲು. ಸದಸ್ಯರೆಲ್ಲ ಕಾದು ಎದ್ದು ಹೋಗಿದ್ದರು. ಎರಡನೆಯ ಸಭೆಗೆ ಅವನು ತಲುಪಲೇ ಇಲ್ಲ. ತಿರುವಿನಲ್ಲಿ ಒಂದು ಗಂಟೆ ನಿಂತು, ಕಾರುಗಳ ಸಾಲು ಮುಗಿಯದೆ ಮನೆಗೆ ಮರಳಿದ. ರಸ್ತೆಯಲ್ಲಿ ನಡೆಯುವುದು ಅಪಾಯವೆಂದು ಚರ್ಚಿಸುವ ಸಭೆ, ರಸ್ತೆಯಲ್ಲಿ ನಡೆಯುವುದು ಅಪಾಯವಾದ್ದರಿಂದ ನಡೆಯಲಿಲ್ಲವೆಂದು ಸುಗನ್ಯಾ ನಡಾವಳಿ ಪುಸ್ತಕದಲ್ಲಿ ಬರೆದಳು.

ಮೂರನೆಯ ಸಭೆಯೂ ಬಿದ್ದುಹೋದರೆ ಜಿಲ್ಲಾ ಕಚೇರಿಗೆ ಪತ್ರ ಹೋಗುತ್ತದೆ. ಸುರೇಂದ್ರನಿಗೆ ಅದು ಬೇಡವಾಗಿತ್ತು. ಆ ದಿನ ಬೆಳಿಗ್ಗೆ ಪಂಚಾಯಿತಿಯ ಜೀಪನ್ನೇ ಕಳಿಸಿದ. ಡ್ರೈವರ್ ಮಹಾಲಿಂಗಂ ಹಟ್ಟಿಯ ಮುಂದೆ ನಿಲ್ಲಿಸಿ ಬಾಗಿಲು ತೆರೆದ.

“ಹತ್ತಿ, ಮಾಮ. ಐದು ನಿಮಿಷದಲ್ಲಿ ಬಿಡ್ತೇನೆ.”

“ಎನಗ ಗಾಡಿ ಆಗ, ತಮ್ಮ. ನಿನ್ನ ಸೀಟು ಕೆಟ್ಟುಹೋಗುವ,” ಎಂದ ನಂಜುಂಡನ್.

ಮಹಾಲಿಂಗಂ ಫೋನು ಹಚ್ಚಿದ. ಆ ಕಡೆಯಿಂದ ಸುಗನ್ಯಾ ಬೈಲಾ ಓದಿದಳು. ಸದಸ್ಯರು ಜೀಪು ಹತ್ತಿದರೆ ಕಾಲ್ನಡಿಗೆಯಲ್ಲಿ ಬಂದಂತಾಗುವುದಿಲ್ಲ, ಸಭೆ ಅಸಿಂಧು. ಆದರೆ ಹನ್ನೊಂದನೆಯ ಕಲಮಿನ ಪ್ರಕಾರ ದಾರಿಯಲ್ಲಿ ಪಾದಚಾರಿ ಸದಸ್ಯರ ಸುರಕ್ಷತೆಗೆ ಪಂಚಾಯಿತಿಯೇ ಹೊಣೆ. ಮಹಾಲಿಂಗಂ ಫೋನು ಜೇಬಿಗೆ ಹಾಕಿದ. ಆಮೇಲೆ ಜೀಪಿನ ಮೇಲಿನ ಕೆಂಪು ನೀಲಿ ದೀಪ ಹಾಕಿ, ಮೊದಲನೆಯ ಗೇರಿನಲ್ಲಿ, ನಂಜುಂಡನ ಬೆನ್ನಿಗೆ ಹತ್ತಡಿ ಬಿಟ್ಟು ಹಿಂಬಾಲಿಸತೊಡಗಿದ.

ನಂಜುಂಡನ್ ರಸ್ತೆಯ ನಡುವೆ ನಡೆದ. ಬದಿಯಲ್ಲಿ ಜಾಗವಿರಲಿಲ್ಲ, ಅದಕ್ಕೆ. ಹಿಂದೆ ಜೀಪು, ಅದರ ಹಿಂದೆ ಒಂದು ಕಾರು, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ಎದುರಿನಿಂದ ಬರುವವರು ದೀಪ ನೋಡಿ ಬದಿಗೆ ನಿಂತರು. ಮೊದಮೊದಲು ಹಾರ್ನ್ ಕೇಳಿಸಿತು. ಮೊದಲ ತಿರುವು ದಾಟುವಾಗ ಅದೂ ನಿಂತಿತು. ಮುಂದೆ ಯಾರೋ ದೊಡ್ಡವರು ಹೋಗುತ್ತಿದ್ದಾರೆಂದು ಸಾಲಿನಲ್ಲಿ ಸುದ್ದಿ ಹಬ್ಬಿತ್ತು. ಮೈಸೂರಿನ ಒಂದು ಕಾರಿನಿಂದ ಇಳಿದ ಹೆಂಗಸು ಓಡಿಬಂದು ಮಹಾಲಿಂಗನನ್ನು ಕೇಳಿದಳು.

“ಇವರು ಸ್ವಾಮಿಗಳಾ?”

“ಅಲ್ಲಮ್ಮ, ಪಾದಚಾರಿ,” ಎಂದ ಮಹಾಲಿಂಗಂ.

“ಎಲ್ಲಿಯವರೆಗೆ ಪಾದಯಾತ್ರೆ?”

“ಪಂಚಾಯಿತಿ ಕಚೇರಿಯವರೆಗೆ.”

ಅವಳು ಚಪ್ಪಲಿ ಬಿಟ್ಟು, ಮುಂದೆ ಹೋಗಿ ನಂಜುಂಡನ ಕಾಲು ಮುಟ್ಟಿದಳು. ಅವನು “ಒಳ್ಳೆದಾಗಲಿ. ಸಭೆಗ ಹೊತ್ತಾತು,” ಎಂದು ನಡೆದ. ಹತ್ತೂ ಇಪ್ಪತ್ತೆಂಟಕ್ಕೆ ಕಚೇರಿ ಮುಟ್ಟಿದ. ಕೋರಂ ಆಯಿತು. ಆದರೆ ಅಧ್ಯಕ್ಷ ಸುರೇಂದ್ರನ್ ಇನ್ನೂ ಬಂದಿರಲಿಲ್ಲ. ಅವನ ಟೆಂಪೊ ಜೀಪಿನ ಹಿಂದೆ ನಲವತ್ತನೆಯದಾಗಿ ಸಿಕ್ಕಿಕೊಂಡಿತ್ತು.

ಮುಂದಿನ ತಿಂಗಳ ಸಭೆಯ ದಿನ ಶಾಲೆಯ ಹುಡುಗಿಯರು ಹಟ್ಟಿಯ ತಿರುವಿನಲ್ಲಿ ಕಾದು ನಿಂತಿದ್ದರು. ನಂಜುಂಡನ್ ಬಂದೊಡನೆ ಅವನಿಗೂ ಜೀಪಿಗೂ ನಡುವಿನ ಹತ್ತಡಿಯಲ್ಲಿ ಸೇರಿಕೊಂಡರು. ಅದರ ಮುಂದಿನ ಸಲ ಕ್ಯಾರೆಟ್ ತೊಳೆಯುವ ಹೆಂಗಸರು ಬಂದರು. ಚಿನ್ನಮ್ಮಾಳ್ ಮೂಟೆಯೊಂದಿಗೆ ಬಂದಳು. ಹತ್ತಡಿ ಸಾಲದೆ ಮಹಾಲಿಂಗಂ ಜೀಪನ್ನು ಮೂವತ್ತಡಿ ಹಿಂದಕ್ಕಿಟ್ಟ. ಮೊಣಕಾಲು ನೋವಿನಿಂದ ಎರಡು ವರ್ಷ ಮನೆಬಿಟ್ಟು ಹೊರಡದಿದ್ದ ಮುದುಕಿಯರು ಆ ದಿನ ಬಜಾರು ನೋಡಿ ಬಂದರು. ಬ್ಯಾಂಕಿನ ಕೆಲಸ, ರೇಷನ್ನು, ಕಣ್ಣಿನ ಪರೀಕ್ಷೆ, ಎಲ್ಲವೂ ಸಭೆಯ ದಿನಕ್ಕೆ ಮುಂದೆ ಹೋಗತೊಡಗಿದವು. ಒಂದು ಮನೆಯವರು ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಲು ಪಂಚಾಂಗ ನೋಡುವ ಮೊದಲು ಸುಗನ್ಯಾಳಿಗೆ ಫೋನು ಮಾಡಿದರು.

ಒಂದು ಸಭೆಯ ದಿನ ಕೆಂಪಿಯೂ ಹೊರಟಳು. ಅವಳಿಗೆ ಬಜಾರಿನಲ್ಲಿ ಹೊಲಿಗೆಯವನ ಬಳಿ ಕೆಲಸವಿತ್ತು. ಗಂಡನ ಪಕ್ಕದಲ್ಲೇ, ಖಾಲಿ ರಸ್ತೆಯ ನಡುವೆ ನಡೆದಳು. ಎಡಕ್ಕೆ ಬೆಟ್ಟದ ಕೆಳಗಿನವರೆಗೆ ಕ್ಯಾರೆಟ್ಟಿನ ಹಸಿರು ಪಟ್ಟೆಗಳು. ಬಸ್ಸಿನಲ್ಲಿ ಅವಳು ಯಾವಾಗಲೂ ಗೋಡೆಯ ಕಡೆಯ ಸೀಟಿನಲ್ಲಿ ಕೂರುತ್ತಿದ್ದಳು, ಹಾಗಾಗಿ ಇದನ್ನು ಸರಿಯಾಗಿ ನೋಡಿದ್ದಿಲ್ಲ. ಅರ್ಧ ದಾರಿಗೆ ಬಂದಾಗ ಅವಳು ನಿಂತಳು.

“ನೀ ಇಷ್ಟು ಬಿರುಸು ನಡೆವೆ ಎಂದು ಎನಗ ಗೊತ್ತಿಲ್ಲೆ,” ಎಂದಳು.

“ಒಬ್ಬನೇ ನಡೆದು ಅಭ್ಯಾಸ,” ಎಂದ ನಂಜುಂಡನ್. ಅವನು ಹೆಜ್ಜೆ ಚಿಕ್ಕದು ಮಾಡಿದ. ಹಿಂದೆ ಜೀಪು, ಜೀಪಿನ ಹಿಂದೆ ಅರವತ್ತು ಗಾಡಿ, ಎಲ್ಲವೂ ಕೆಂಪಿಯ ಹೆಜ್ಜೆಗೆ ಇಳಿದವು. ಕಚೇರಿಯ ಮುಂದೆ ಇಬ್ಬರೂ ಒಟ್ಟಿಗೆ ತಲುಪಿದಾಗ ಕೆಂಪಿ ಒಂದು ಕ್ಷಣ ಏನು ಮಾಡಬೇಕೆಂದು ತಿಳಿಯದೆ ನಿಂತಳು. ಅವಳಿಗೆ ಎಲ್ಲ ಊರಿನಲ್ಲೂ ಮೊದಲು ಹೋಗಿ ಗಂಡನಿಗಾಗಿ ಕಾಯುವುದಷ್ಟೇ ಗೊತ್ತಿತ್ತು.

ತಿಂಗಳಿಗೆ ಒಂದೇ ಸಭೆ ಎಂಬುದು ಈಗ ಎಲ್ಲರಿಗೂ ಕಡಿಮೆಯೆನಿಸತೊಡಗಿತು. ಬೈಲಾದ ಹದಿನಾಲ್ಕನೆಯ ಕಲಂ ಏನೆಂದು ಚಿನ್ನಮ್ಮಾಳಿಗೆ ಯಾರು ಹೇಳಿಕೊಟ್ಟರೋ, ಸುಗನ್ಯಾಳಂತೂ ತಾನಲ್ಲ ಎನ್ನುತ್ತಾಳೆ. ಹತ್ತು ಜನ ನಿವಾಸಿಗಳು ಸಹಿ ಹಾಕಿ ಕೊಟ್ಟರೆ ತುರ್ತು ಸಭೆ ಕರೆಯಲೇಬೇಕು. ಸೋಮವಾರ ಒಂದು ಅರ್ಜಿ ಬಂತು: ಶಾಲೆಯ ತಿರುವಿನಲ್ಲಿ ಒಂದು ಕಲ್ಲು ಬಿದ್ದಿದೆ. ಸಭೆ ಕರೆದರು, ಕಲ್ಲು ತೆಗೆಸಲು ತೀರ್ಮಾನಿಸಿದರು. ಬುಧವಾರ ಇನ್ನೊಂದು: ಕಲ್ಲು ತೆಗೆಸಿದ್ದಕ್ಕೆ ಧನ್ಯವಾದ ಹೇಳಲು. ಗುರುವಾರ ಮತ್ತೊಂದು: ಆ ಕಲ್ಲನ್ನು ಎಲ್ಲಿ ಇಟ್ಟಿದ್ದೀರಿ ಎಂದು ತಿಳಿಯಲು. ಕಲ್ಲಿನ ಬಗ್ಗೆಯೇ ಹನ್ನೊಂದು ಸಭೆ ನಡೆದವು. ಜನವರಿಯ ಹೊತ್ತಿಗೆ ಭಾನುವಾರವೊಂದನ್ನು ಬಿಟ್ಟು ದಿನವೂ ಬೆಳಿಗ್ಗೆ ಹತ್ತೂವರೆಗೆ ಬೆಳ್ಳಿಕಂಬೆಯಲ್ಲಿ ತುರ್ತು ಪರಿಸ್ಥಿತಿ ಇರುತ್ತಿತ್ತು.

ನಂಜುಂಡನಿಗೆ ಇದರಿಂದ ಸುಸ್ತಾಗಲಿಲ್ಲ, ನಡೆಯುವುದು ಅವನಿಗೆ ಹೊಸದಲ್ಲ. ಸುಸ್ತಾದದ್ದು ಸಭೆಯಿಂದ. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಎಲ್ಲರ ಮಾತನ್ನೂ ಮರ್ಯಾದೆಯಿಂದ ಕೇಳಿ, ಸಹಿ ಹಾಕಿ ಏಳುತ್ತಿದ್ದ. ಒಂದು ದಿನವೂ ಬಾಯಿ ತೆರೆಯಲಿಲ್ಲ. ತನ್ನನ್ನು ಕರೆದದ್ದು ನಡೆಯಲಿಕ್ಕೆ, ಮಾತಾಡಲಿಕ್ಕಲ್ಲ ಎಂಬುದು ಅವನ ತಿಳಿವಳಿಕೆ.

ಬಾಯಿ ತೆರೆದದ್ದು ಸುರೇಂದ್ರನ್. ಅವನ ಟೆಂಪೊಗಳು ದಿನಾ ಒಂದು ಗಂಟೆ ತಡವಾಗುತ್ತಿದ್ದವು. ಮಹಾಲಿಂಗನ ಜೀಪಿಗೆ ಎರಡು ಸಲ ಕ್ಲಚ್ಚು ಬದಲಾಯಿಸಬೇಕಾಯಿತು. ಸುರೇಂದ್ರನ್ ಒಂದು ಸಂಜೆ ನಂಜುಂಡನ ಮನೆಗೆ ಬಂದು, ಚಹಾ ಕುಡಿದು, ಮೆಲ್ಲನೆ ವಿಷಯಕ್ಕೆ ಬಂದ.

“ಮಾಮ, ನನ್ನ ಹತ್ತಿರ ಒಂದು ಹಳೆಯ ಸ್ಕೂಟರಿದೆ. ನಿಮ್ಮ ಹೆಸರಿಗೆ ಬರೆದುಕೊಡ್ತೇನೆ. ಓಡಿಸೋದು ಬೇಡ. ಅಂಗಳದಲ್ಲಿ ನಿಂತಿರಲಿ.”

ಸ್ಕೂಟರ್ ಇದ್ದವನು ಪಾದಚಾರಿಯಲ್ಲ. ನಂಜುಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೇಜಾರಾಯಿತು. ಇಷ್ಟು ವರ್ಷ ಗಾಡಿ ಆಗದಿರುವುದು ತನ್ನೊಂದು ಕೊರತೆಯೆಂದೇ ಅವನು ಎಣಿಸಿದ್ದ. ಈಗ ಅದನ್ನೂ ಯಾರೋ ಕಿತ್ತುಕೊಳ್ಳಲು ಬಂದಿದ್ದರು.

“ಎಂಗ ಅಂಗಳದಗ ಜಾಗ ಇಲ್ಲೆ,” ಎಂದಳು ಕೆಂಪಿ ಒಳಗಿನಿಂದ. ಅಂಗಳ ದೊಡ್ಡದಾಗಿಯೇ ಇತ್ತು, ಅದನ್ನು ಮೂವರೂ ನೋಡುತ್ತಿದ್ದರು. ಸುರೇಂದ್ರನ್ ಲೋಟ ಕೆಳಗಿಟ್ಟು ಎದ್ದ.

ಅವನು ಜಿಲ್ಲಾ ಕಚೇರಿಗೆ ದೂರು ಬರೆದ. ಪಾದಚಾರಿಯೊಬ್ಬ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಸಂಚಾರಕ್ಕೆ ಅಡ್ಡಿಯಾಗಿದ್ದಾನೆ, ಕ್ರಮ ಕೈಗೊಳ್ಳಬೇಕು. ವಿಚಾರಣೆಗೆ ಊಟಿಯಿಂದ ಪ್ರವೀಣ್‌ಕುಮಾರ್ ಎಂಬ ಎಂಜಿನಿಯರ್ ಬಂದ. ಅವನ ಕಾರು ಜೀಪಿನ ಹಿಂದೆ ನಲವತ್ತು ನಿಮಿಷ ತೆವಳಿತು. ಕೊನೆಗೆ ಅವನು ಇಳಿದು, ಮುಂದೆ ನಡೆದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ನಂಜುಂಡನ ಪಕ್ಕಕ್ಕೆ ಬಂದ.

“ಅಡ್ಡಿಯಾಗಿರೋ ಪಾದಚಾರಿ ಯಾರು?” ಎಂದು ಕೇಳಿದ.

“ನಾನೇ, ಸಾರ್.”

“ಬದಿಯಲ್ಲಿ ನಡೆಯಬಾರದಾ?”

ನಂಜುಂಡನ್ ನಿಂತು ಬದಿಯನ್ನು ತೋರಿಸಿದ. ಪ್ರವೀಣ್‌ಕುಮಾರ್ ಆ ಕಡೆ ನೋಡಿದ, ಈ ಕಡೆ ನೋಡಿದ. ಜೇಬಿನಿಂದ ಟೇಪು ತೆಗೆದು ತಡೆಗೋಡೆಯಿಂದ ಟಾರಿನವರೆಗೆ ಅಳೆದ. ಒಂದೂವರೆ ಇಂಚು ಬಂತು. ಇನ್ನೊಂದು ಬದಿಯಲ್ಲಿ ಅಳೆಯಲು ಹೋದವನ ಕಾಲು ಜಾರಿತು. ಚಿನ್ನಮ್ಮಾಳ್ ಒಳ್ಳೆಯ ಕೈಯಲ್ಲಿ ಅವನ ಕಾಲರು ಹಿಡಿದೆಳೆದಳು.

ಅವನು ಬರೆದ ವರದಿ ಎರಡೇ ಪುಟ. ಸದರಿ ರಸ್ತೆಯಲ್ಲಿ ಪಾದಚಾರಿಗೆ ಬೇರೆ ಜಾಗವಿಲ್ಲದ್ದರಿಂದ ಅವನು ರಸ್ತೆಯ ಮೇಲೆ ನಡೆಯುವುದು ನ್ಯಾಯವಾದದ್ದು. ಅವನ ಹಿಂದೆ ಜೀಪು ಹೋಗುವುದೂ ಬೈಲಾದ ಪ್ರಕಾರ ಕಡ್ಡಾಯ. ಜೀಪಿನ ಹಿಂದೆ ಉಳಿದ ವಾಹನಗಳು ಹೋಗುವುದು ಅನಿವಾರ್ಯ. ಆದ್ದರಿಂದ ಉಳಿದಿರುವುದು ಎರಡು ದಾರಿ. ಒಂದು, ಪಾದಚಾರಿಯನ್ನು ರದ್ದುಮಾಡುವುದು. ಅದಕ್ಕೆ ಸಮಿತಿಯ ನಿರ್ಣಯ ಬೇಕು. ತನ್ನದೇ ವಿಷಯವಾದ್ದರಿಂದ ಪಾದಚಾರಿ ಸದಸ್ಯ ಹೊರಗೆ ಹೋಗಬೇಕು, ಅವನು ಹೊರಗೆ ಹೋದರೆ ಕೋರಂ ಇಲ್ಲ. ಎರಡು, ಅವನಿಗೆ ನಡೆಯಲು ಬೇರೆ ಜಾಗ ಕೊಡುವುದು.

ಹಾಗೆ ಬೆಳ್ಳಿಕಂಬೆಗೆ ಕಾಲುದಾರಿ ಬಂತು. ತಡೆಗೋಡೆಯನ್ನು ನಾಲ್ಕಡಿ ಹಿಂದಕ್ಕೆ ಕಟ್ಟಿ, ಒಂದೂಕಾಲು ಕಿಲೋಮೀಟರು ಸಿಮೆಂಟಿನ ಹಾಸು, ಅಂಚಿಗೆ ಕಬ್ಬಿಣದ ಕಂಬಿ. ಶಾಲೆಯ ತಿರುವಿನಲ್ಲಿ ದಾಟಲು ಬಿಳಿ ಪಟ್ಟೆ, ಪಟ್ಟೆಯ ಎರಡೂ ಕಡೆ ಉಬ್ಬು. ಕೆಲಸ ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಅರ್ಜಿಗಳು ನಿಲ್ಲಲಿಲ್ಲ, ಕೆಲಸಕ್ಕೆ ಅದರಿಂದ ಬಿರುಸು ಬಂತೆಂದು ಮೇಸ್ತ್ರಿಯೇ ಹೇಳುತ್ತಿದ್ದ.

ಉದ್ಘಾಟನೆಯ ದಿನ ಸುರೇಂದ್ರನ್ ಟೇಪು ಕತ್ತರಿಸಿ, ಬೈಲಾ ತರುವ ಯೋಚನೆ ಮೊದಲು ಬಂದದ್ದು ತನಗೇ ಎಂದು ಭಾಷಣ ಮಾಡಿದ. ಅದು ಸುಳ್ಳೂ ಅಲ್ಲ, ಸಹಿ ಅವನದೇ ಇತ್ತು. ಆಮೇಲೆ ನಂಜುಂಡನನ್ನು ಮೊದಲು ನಡೆಯಲು ಹೇಳಿದರು. ಅವನು ಹೊಸ ಹಾಸಿನ ಮೇಲೆ ಹತ್ತು ಹೆಜ್ಜೆ ಇಟ್ಟು ಹಿಂದೆ ತಿರುಗಿ ನೋಡಿದ. ಜೀಪು ಕೆಳಗೇ ನಿಂತಿತ್ತು. ಮಹಾಲಿಂಗಂ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಹತ್ತಡಿ ಅಂತರ ಬಿಟ್ಟು, ನಡೆದು ಬರುತ್ತಿದ್ದ.

“ನೀ ಏಕ ಬರುವೆ?” ಎಂದ ನಂಜುಂಡನ್.

“ಆದೇಶ ರದ್ದಾಗಿಲ್ಲ, ಮಾಮ,” ಎಂದ ಮಹಾಲಿಂಗಂ. ಅದನ್ನು ರದ್ದುಮಾಡಲು ಮತ್ತೆ ಒಂದು ಸಭೆ ಬೇಕಾಯಿತು.

ಅದಾದ ಮೇಲೆ ಒಂದು ಅರ್ಜಿಯೂ ಬರಲಿಲ್ಲ. ಸಭೆ ತಿಂಗಳಿಗೊಂದಕ್ಕೆ ಇಳಿಯಿತು. ನಂಜುಂಡನ ಅವಧಿ ಮುಗಿದಾಗ ಪಾದಚಾರಿ ಸದಸ್ಯ ಸ್ಥಾನಕ್ಕೆ ಹದಿನಾಲ್ಕು ಜನ ಅರ್ಜಿ ಹಾಕಿದ್ದರು. ಇಬ್ಬರು ಅದಕ್ಕಾಗಿ ಬೈಕು ಮಾರಿದ್ದರು, ಒಬ್ಬ ಲೈಸೆನ್ಸನ್ನು ಹಿಂದಿರುಗಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ. ಆಯ್ಕೆಯಾದದ್ದು ಚಿನ್ನಮ್ಮಾಳ್. ಅವಳು ಆಟೊವನ್ನು ಅಳಿಯನ ಹೆಸರಿಗೆ ಬರೆದುಕೊಟ್ಟು ಬಂದಿದ್ದಳು, ಅಳಿಯನಿಗೆ ಇದಕ್ಕಿಂತ ಸಂತೋಷದ ಬೈಲಾ ಬೇರೆ ಇರಲಿಲ್ಲ.

ಅವಳ ಮೊದಲ ಸಭೆಯ ದಿನ ಮಂಗಳವಾರ. ನಂಜುಂಡನ್ ಮತ್ತು ಕೆಂಪಿ ತರಕಾರಿ ಬೀಜ ತರಲು ಇಳಿಯುತ್ತಿದ್ದರು. ಚಿನ್ನಮ್ಮಾಳ್ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಫೈಲು ಹಿಡಿದು, ಹಿಂದಿನಿಂದ ಬಂದು ಅವರನ್ನು ಸೇರಿದಳು. ಕೆಳಗೆ ರಸ್ತೆಯಲ್ಲಿ ಕಾರುಗಳು ಸರಸರನೆ ಹೋಗುತ್ತಿದ್ದವು, ಯಾರೂ ಆ ಕಡೆ ನೋಡಲಿಲ್ಲ.

“ಅಲ್ಲಿ ಏನ ಹೇಳೋಕು, ಅಣ್ಣ?” ಎಂದು ಅವಳು ಕೇಳಿದಳು.

ನಂಜುಂಡನ್ ಯೋಚಿಸಿದ. ಅಷ್ಟೊಂದು ಸಭೆಗಳಲ್ಲಿ ಕೂತವನು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ, ಕೇಳಿದ್ದಕ್ಕೆ ಏನಾದರೂ ಹೇಳಲೇಬೇಕಿತ್ತು.

“ಕಿಟಕಿಯ ಹತ್ತಿರ ಕೂರು,” ಎಂದ. “ಗಾಳಿ ಬರುವ. ವಡೆ ಹನ್ನೆರಡಕ್ಕೆ ಕೊಡುವರು, ಅದಕ್ಕ ಮೊದಲು ಏಳಬೇಡ.”